ತಾತನ ಹೆಸರು ಹುಡುಕೋದು ಅಂದ್ರೆ ಹಕ್ಕು ಹುಡುಕೋದು



ಊರೊಳಗಿನ ಒಕ್ಕಲು ಮನೆಗಳಿಗೆ ಹೆಳವರು ಎತ್ತಿನ ಮೇಲೆ ಬಂದು ತಲೆಮಾರುಗಳ ಹೆಸರು ಹೇಳಿ ಹೋಗ್ತಿದ್ರು. ನಮ್ಮ ಕೇರಿಗೆ ಅವರು ಬಂದದ್ದನ್ನು ನಮ್ಮವ್ವ ಕಂಡೇ ಇಲ್ಲ. ಹಾಗಂತ ನಮಗೆ ಚರಿತ್ರೆ ಇಲ್ಲ ಅಂತಲ್ಲ. ಅದು ತಾಲೂಕು ಕಚೇರಿಯ ರೆಕಾರ್ಡ್ ರೂಮಲ್ಲಿ ಧೂಳು ಹೊದ್ದು ಕೂತಿದೆ.

ನಮ್ಮ ತಾತನಿಗೆ ಸರ್ಕಾರ ಎರಡು ಎಕರೆ ಮಂಜೂರು ಮಾಡಿತ್ತು ಅಂತ ನನಗೆ ಗೊತ್ತಾಗೋ ಹೊತ್ತಿಗೆ ಅಪ್ಪ ತೀರಿಹೋಗಿದ್ದರು. ಜೀವನಪೂರ್ತಿ ಅವರು ಕೂಲಿ ಮಾಡಿದ್ದು ಅದೇ ಹೊಲದಲ್ಲಿ.

ಅದಕ್ಕೇ ಹೇಳೋದು, ವಂಶವೃಕ್ಷ ನಮಗೆ ಹೆಮ್ಮೆಯ ಮಾತಲ್ಲ, ಹಕ್ಕಿನ ಮಾತು. ಮಂಜೂರಾದ ಜಮೀನು ಷರತ್ತು ಮೀರಿ ಪರಭಾರೆ ಆಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ವಾಪಸ್ ಕೇಳಬಹುದು. ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಯ್ತು. ಆದರೆ ಕೇಳೋನು ವಾರಸುದಾರ ಅಂತ ಸಾಬೀತು ಮಾಡ್ಬೇಕಲ್ಲ?

ನಾನು ಅಲೆದು ಕಲಿತದ್ದು ಇಷ್ಟು:

1. ಮೊದಲು ಕಚೇರಿಗೆ ಹೋಗ್ಬೇಡಿ, ಅಜ್ಜಿ ಹತ್ತಿರ ಹೋಗಿ. ಯಾವ ಊರಿಂದ ಬಂದ್ರು, ಮನೆದೇವರು ಎಲ್ಲಿ, ಯಾರ ಮನೇಲಿ ಜೀತಕ್ಕಿದ್ರು, ಹೆಣ್ಣು ತಂದದ್ದು ಎಲ್ಲಿಂದ ಅಂತ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

2. ಊರ ಹಳೇ ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ. ತಂದೆ ಹೆಸರು, ಜಾತಿ ಸಿಗುತ್ತೆ.

3. ಆನ್‌ಲೈನ್ ಪಹಣಿ ನೋಡಿ ಕೈಬಿಡಬೇಡಿ. ಸರ್ವೆ ನಂಬರ್ ಹಿಡಿದು ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರ್, ಮಂಜೂರಾತಿ ರಿಜಿಸ್ಟರ್, ಸಾಗುವಳಿ ಚೀಟಿಯ ನಕಲು ಕೇಳಿ. ಹಳೇ ಮೈಸೂರು ಕಡೆ ದಾಖಲೆಯಲ್ಲಿ 'ಬಿನ್' ಅಂದ್ರೆ ಇಂಥವರ ಮಗ, 'ಕೋಂ' ಅಂದ್ರೆ ಇಂಥವರ ಹೆಂಡತಿ. ಈ ಎರಡು ಪದಗಳೇ ನಮ್ಮ ಹೆಳವರು!

4. ಹಿರಿಯರು ತೋಟಿ, ತಳವಾರ, ನೀರಗಂಟಿ ಕೆಲಸ ಮಾಡಿದ್ದರೆ ಇನಾಮು ಜಮೀನು ಇತ್ತಾ ನೋಡಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಪ್ರಕಾರ ಅದನ್ನು ಮರುಮಂಜೂರು ಮಾಡಿಸ್ಕೊಳ್ಳೋ ಹಕ್ಕಿತ್ತು. ಆ ಕಡತದಲ್ಲಿ ಕುಟುಂಬದ ಹೆಸರುಗಳಿರ್ತವೆ.

5. ಹೆಸರು ಒಂದೇ ರೀತಿ ಇರುತ್ತೆ ಅಂದ್ಕೋಬೇಡಿ. ಮನೇಲಿ ಮುನಿಯಪ್ಪ ಆಗಿದ್ದೋರು ಕಾಗದದಲ್ಲಿ 'ಮುನಿಗ' ಆಗಿರ್ತಾರೆ. ಬರೆದೋನು 'ಅಪ್ಪ' ಅನ್ನೋದನ್ನೂ ನಮಗೆ ಕೊಡಲಿಲ್ಲ. ಎಲ್ಲಾ ರೂಪಗಳಲ್ಲೂ ಹುಡುಕಿ.

6. 'ದಾಖಲೆ ಇಲ್ಲ' ಅಂತ ಬಾಯಲ್ಲಿ ಹೇಳಿದರೆ ಎದ್ದು ಬರಬೇಡಿ. ಲಿಖಿತ ಹಿಂಬರಹ ಕೇಳಿ. ಕೊಡಲಿಲ್ವಾ? 10 ರೂಪಾಯಿಯ ಆರ್‌ಟಿಐ ಹಾಕಿ. ಅರ್ಜಿ 150 ಪದ ಮೀರದಿರಲಿ, ಒಂದೇ ವಿಷಯ ಇರಲಿ.

ಸಂಘಟನೆಗಳ ಗೆಳೆಯರಿಗೆ ಒಂದು ಮಾತು. ಜಯಂತಿಗೆ ಬ್ಯಾನರ್ ಕಟ್ಟೋಣ, ಬೇಡ ಅನ್ನಲ್ಲ. ಜೊತೆಗೆ ಕೇರಿಗೊಬ್ಬ ಓದಿದ ಹುಡುಗ, ಒಬ್ಬ ಹುಡುಗಿ ಈ ಕೆಲಸಕ್ಕೆ ಕೂರಲಿ. ಕಾಗದ ಕಚೇರಿಯಲ್ಲಿ ಇನ್ನೂ ಸ್ವಲ್ಪ ದಿನ ಇರಬಹುದು. ಅಜ್ಜಿ ಇರಲ್ಲ.

ನಮ್ಮವ್ವನ ಮಾತು ನಾನು ರೆಕಾರ್ಡ್ ಮಾಡಿದೆ. ಅಪ್ಪನದು ಮಾಡಲಿಲ್ಲ. ನೀವು ಈ ಭಾನುವಾರವೇ ಶುರು ಮಾಡಿ.

ಜೈ ಭೀಮ್.