ರೇಡಿಯೋ ಅಲೆಗಳ ಕಿರುತೂಬು

ಬಿ. ಎ. ತರಗತಿಯವನಿಗೆ ವಿದ್ಯುನ್ಮಂಡಲಗಳ ಗೊಡವೆ ಏಕೆಂದು ಮಿತ್ರರು ಕೇಳಿಯಾರು. ಯಂತ್ರವನ್ನು ಮಾಡುವ ಕೆಲಸ ಪ್ರಯೋಗಶಾಲೆಯವರದು, ನಿಜ. ಆದರೆ ಅದರಲ್ಲಿ ಯಾವ ಗುಣವನ್ನು ಮೊದಲು ಬಯಸಬೇಕೆಂಬ ವಿವೇಚನೆ ಎಲ್ಲರದು. ಆ ಧೈರ್ಯದಿಂದಲೇ, ರೇಡಿಯೋ ಆವರ್ತನದ ಮಂಡಲಗಳಲ್ಲಿ ಬಳಸುವ ಅತಿ ಕಿರಿದಾದ ಯಾಂತ್ರಿಕ ಸ್ವಿಚ್ಚನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ.

ಸ್ವಿಚ್ಚೆಂದರೆ ಕೆರೆಯ ತೂಬಿದ್ದಂತೆ. ತೆರೆದಾಗ ಹರಿವನ್ನು ತಡೆಯಬಾರದು, ಮುಚ್ಚಿದಾಗ ಸೋರಬಾರದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ತೂಬಿನ ಗುಣದೋಷಗಳನ್ನು ನಮ್ಮ ತಂದೆಯವರು ನನಗಿಂತ ಚೆನ್ನಾಗಿ ಬಲ್ಲರು. ಡಯೋಡು ಮೊದಲಾದ ಅರೆವಾಹಕ ಸ್ವಿಚ್ಚುಗಳ ವೇಗ ಅಪಾರ. ಆದರೂ ಆವರ್ತನ ಏರಿದಂತೆ ಅವು ತೆರೆದಾಗ ಕೊಂಚ ನುಂಗುತ್ತವೆ, ಮುಚ್ಚಿದಾಗ ಕೊಂಚ ಸೋರುತ್ತವೆ. ಲೋಹಕ್ಕೆ ಲೋಹ ತಾಗುವ, ಬಿಟ್ಟಾಗ ನಡುವೆ ಗಾಳಿಯ ತೆರಪುಳ್ಳ ಹಳೆಯ ಯಾಂತ್ರಿಕ ಸ್ವಿಚ್ಚಿನಲ್ಲಿ ಈ ದೋಷಗಳು ಬಹು ಕಡಮೆ. ಅದನ್ನೇ ಕೂದಲೆಳೆಯ ಅಳತೆಗೆ ಇಳಿಸುವ ಕೆಲಸಕ್ಕೆ ೧೯೭೯ರಲ್ಲಿ ಐ.ಬಿ.ಎಂ. ಸಂಸ್ಥೆಯ ಕರ್ಟ್ ಪೀಟರ್ಸನ್ ಸಿಲಿಕಾನಿನ ಮೇಲೆ ದಾರಿ ತೋರಿದರು.

ಇದರ ರಚನೆ ಸರಳ. ಒಂದು ತುದಿಯನ್ನು ಭದ್ರಪಡಿಸಿದ ತೆಳು ಲೋಹದ ತೊಲೆ, ಅದರ ಕೆಳಗೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ತೆರಪು, ತಳದಲ್ಲಿ ವಿದ್ಯುದ್ವಾರ. ವೋಲ್ಟೇಜು ಕೊಟ್ಟರೆ ತೊಲೆ ಬಾಗುತ್ತದೆ. ತೆರಪಿನ ಮೂರನೆಯ ಒಂದು ಪಾಲನ್ನು ದಾಟಿತೆಂದರೆ ಅದರ ಬಿಗಿತ ಸೆಳೆತಕ್ಕೆ ಸೋತು, ತೊಲೆ ತಟ್ಟನೆ ಕೆಳಕ್ಕೆ ಕೂಡುತ್ತದೆ. ಆಗ ತೂಬು ತೆರೆದಂತೆ. ಆದರೆ ವೋಲ್ಟೇಜನ್ನು ತೆಗೆದಾಗ ಅದನ್ನು ಮೇಲೆತ್ತುವವರಿಲ್ಲ. ತನ್ನ ಬಿಗಿತದಿಂದಲೇ ಅದು ಏಳಬೇಕು.

ಇಂತಹ ಸ್ವಿಚ್ಚಿಗೆ ಸಾಮಾನ್ಯವಾಗಿ ೨೦ರಿಂದ ೮೦ ವೋಲ್ಟು ಬೇಕು. ಮೊಬೈಲಿನ ಬ್ಯಾಟರಿ ಕೊಡುವುದು ನಾಲ್ಕರ ಆಸುಪಾಸು. ಆದ್ದರಿಂದ ತೊಲೆಯನ್ನು ಮೆದುಗೊಳಿಸಿದರೆ ಸಾಕೆನ್ನುವ ವಾದವುಂಟು. ಲೆಕ್ಕ ಹಾಕಿ ನೋಡೋಣ. ಬಿಗಿತವನ್ನು ಕಾಲು ಭಾಗಕ್ಕೆ ಇಳಿಸಿದರೆ ಬೇಕಾದ ವೋಲ್ಟೇಜು ಇಳಿಯುವುದು ಅರ್ಧಕ್ಕೆ ಮಾತ್ರ. ಮೇಲೇಳುವ ಬಲವಾದರೋ ಕಾಲು ಭಾಗಕ್ಕೆ ಕುಸಿಯುತ್ತದೆ. ಈ ವ್ಯಾಪಾರದಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು. ಅದೂ ಅಲ್ಲದೆ, ಸ್ಪರ್ಶಬಿಂದುವಿನಲ್ಲಿ ಹೆಚ್ಚಾಗಿ ಬಳಸುವ ಚಿನ್ನ ಉತ್ತಮ ವಾಹಕವಾದರೂ ಮೆದು ಲೋಹ. ಚಿನ್ನಕ್ಕೆ ಚಿನ್ನ ಅಂಟಿಕೊಳ್ಳುತ್ತದೆ. ಗಟ್ಟಿ ಲೋಹ ಅಂಟುವುದು ಕಡಮೆ, ಆದರೆ ಅದರ ರೋಧ ಹೆಚ್ಚು. ಅಂಟಿದ ತೊಲೆಗೆ ಏಳುವ ಶಕ್ತಿಯಿಲ್ಲದಿದ್ದರೆ ಸ್ವಿಚ್ಚು ಸತ್ತಂತೆಯೇ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ವಿನ್ಯಾಸ ಮಾಡುವವರು ಮೊದಲು ನಿಶ್ಚಯಿಸಬೇಕಾದದ್ದು ಮೇಲೇಳುವ ಬಲವನ್ನು, ವೋಲ್ಟೇಜಿನ ಚಿಂತೆ ಆಮೇಲಿನದು. ಏಕೆಂದರೆ ವೋಲ್ಟೇಜಿನ ಕೊರತೆಯನ್ನು ಹೊರಗಿನಿಂದ ತುಂಬಬಹುದು. ಬ್ಯಾಟರಿಯ ವೋಲ್ಟೇಜನ್ನು ಏರಿಸಿಕೊಡುವ ಸಣ್ಣ ಮಂಡಲವನ್ನು ಪಕ್ಕದಲ್ಲೇ ಇಡಲು ಬರುತ್ತದೆ. ತೊಲೆಯ ಬಿಗಿತವನ್ನು ಹಾಗೆ ಎರವಲು ತರಲಾಗದು. ಕೃತಕ ಉಪಗ್ರಹದೊಳಗೆ ಅಂಟಿಕೊಂಡ ತೊಲೆಯನ್ನು ಬಿಡಿಸಲು ಯಾರು ಹೋದಾರು?

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸೂಕ್ಷ್ಮಯಂತ್ರಗಳ ಸಂಶೋಧನೆ ನಡೆದಿದೆ. ತೂಬಿನ ಒಳಹೊರಗನ್ನು ಕಂಡು ಬೆಳೆದ ಹಳ್ಳಿಯ ಮಕ್ಕಳೂ ಅಲ್ಲಿಗೆ ಹೋಗುವಂತಾಗಲಿ. ಎಷ್ಟು ಸುಲಭವಾಗಿ ತೆರೆಯುತ್ತದೆ ಎಂದು ಕೇಳುವ ಮೊದಲು, ಮತ್ತೆ ಮುಚ್ಚುತ್ತದೆಯೇ ಎಂದು ಅವರು ಕೇಳಿಯೇ ಕೇಳುತ್ತಾರೆ.

— ಅಂತಿಮ ಬಿ. ಎ. ವಿದ್ಯಾರ್ಥಿ