ಟಿಕೆಟ್ ಇದ್ದರೆ ಅತಿಥಿ, ಇಲ್ಲದಿದ್ದರೆ ಅತಿಕ್ರಮಣಕಾರ: ನಾಗರಹೊಳೆ ಯಾರ ಕಾಡು?

2025ರ ಬೇಸಿಗೆಯ ಒಂದು ಬೆಳಿಗ್ಗೆ, ಆರು ಗಂಟೆಗೆ ಕಾಕನಕೋಟೆಯ ಸಫಾರಿ ಗೇಟಿನ ಮುಂದೆ ನಿಂತಿದ್ದೆ. ಸುತ್ತ ಇದ್ದವರಲ್ಲಿ ಮುಕ್ಕಾಲು ಪಾಲು ಬೆಂಗಳೂರಿನವರು. ಮೊಣಕೈ ಉದ್ದದ ಲೆನ್ಸುಗಳು, ಹೊಸ ಖಾಕಿ ಟೋಪಿಗಳು, ಅರೆನಿದ್ದೆಯ ಮಕ್ಕಳು. ಬಸ್ಸು ಒಳಗೆ ಹೋಯಿತು. ಕಬಿನಿ ಹಿನ್ನೀರು ಇಳಿದ ಬಯಲಲ್ಲಿ ಆನೆಗಳ ಹಿಂಡು ಕಂಡಿತು, ಜಿಂಕೆ, ಕಾಟಿ ಕಂಡವು, ಹುಲಿ ಮಾತ್ರ ಕಾಣಲಿಲ್ಲ. ವಾಪಸ್ ಬರುವಾಗ ಎಲ್ಲರ ಮುಖದಲ್ಲೂ ಕೊಟ್ಟ ದುಡ್ಡಿಗೆ ಮೋಸ ಆಯ್ತು ಅನ್ನೋ ಭಾವ.

ಹ್ಯಾಂಡ್ ಪೋಸ್ಟ್ ಕಡೆ ಹೋಗುವ ದಾರಿಯಲ್ಲಿ ಟೀ ಕುಡಿಯಲು ನಿಂತಾಗ, ಪಕ್ಕದಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ಕೇಳಿದರು: "ಹುಲಿ ಸಿಕ್ತಾ ಸಾ?" ಇಲ್ಲ ಅಂದೆ. "ನೀವು ದುಡ್ ಕೊಟ್ಟು ಹುಡುಕ್ತೀರ. ನಮ್ ಹೊಲಕ್ಕೆ ಪುಕ್ಸಟ್ಟೆ ಬತ್ತದೆ" ಅಂದು ನಕ್ಕರು. ನಾನೂ ನಕ್ಕೆ.

ಕೆಲವೇ ತಿಂಗಳಲ್ಲಿ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ಅಕ್ಟೋಬರ್-ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಜನ ರಸ್ತೆಗಿಳಿದರು. ಕೊನೆಗೆ ಅರಣ್ಯ ಸಚಿವ ಈಶ್ವರ ಖಂಡ್ರೆ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಕಾರ್ಯಾಚರಣೆಗೆ ಹಾಕಿ ಅಂತ ಆದೇಶಿಸಿದರು. ಸೋಷಿಯಲ್ ಮೀಡಿಯಾ ಕೂಡಲೇ ಎರಡು ಗುಂಪಾಯಿತು. ಸಫಾರಿಯಿಂದಲೇ ಹುಲಿ ಊರಿಗೆ ಬರುತ್ತಿದೆ ಎನ್ನುವವರು ಒಂದು ಕಡೆ. ಸಫಾರಿ ನಿಲ್ಲಿಸಿದರೆ ಸಂರಕ್ಷಣೆಯೇ ಮುಗಿಯಿತು ಎನ್ನುವವರು ಇನ್ನೊಂದು ಕಡೆ. ನನ್ನ ಪ್ರಕಾರ ಇಬ್ಬರೂ ತಪ್ಪು ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ.

ಸಫಾರಿ ನಿಂತರೆ ಹುಲಿ ನಿಲ್ಲುತ್ತಾ?

ಇಂಜಿನಿಯರಿಂಗ್‌ನಲ್ಲಿ ಕಲಿತಿದ್ದರಲ್ಲಿ ಈಗಲೂ ಉಪಯೋಗಕ್ಕೆ ಬರುವ ಪಾಠ ಒಂದಿದೆ. ತೊಂದರೆ ಕಣ್ಣಿಗೆ ಬಿದ್ದ ಜಾಗದಲ್ಲೇ ಅದು ಹುಟ್ಟಿರಬೇಕು ಅಂತೇನಿಲ್ಲ.

ಲೆಕ್ಕ ನೋಡಿ. 2022ರ ಹುಲಿ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ಬಂಡೀಪುರದೊಳಗೆ 150, ನಾಗರಹೊಳೆಯೊಳಗೆ 141. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿ.ಮೀ. ಅಂದರೆ ಒಂದು ಹುಲಿಗೆ ಐದು ಚದರ ಕಿ.ಮೀ. ಕೂಡ ಸಿಗುವುದಿಲ್ಲ. ಪ್ರಾಯಕ್ಕೆ ಬಂದ ಗಂಡುಹುಲಿ ಹೊಸ ಜಾಗ ಹುಡುಕಿಕೊಂಡು ಹೊರಡಲೇಬೇಕು. ಮುದಿಯಾದ, ಗಾಯಗೊಂಡ ಹುಲಿ ಸೋತು ಅಂಚಿಗೆ ಸರಿಯುತ್ತದೆ. ಈ ಅಂಚಿನಲ್ಲಿ ಕಾಡು ಮುಗಿದ ಮರುಹೆಜ್ಜೆಗೇ ಹತ್ತಿ, ರಾಗಿ ಹೊಲ, ಮೇಯುವ ದನ. ಕಾಡಿನೊಳಗೆ ಲಾಂಟಾನ ಹಬ್ಬಿ ಜಿಂಕೆ, ಕಾಟಿಗಳ ಮೇವಿನ ಜಾಗವನ್ನು ನುಂಗುತ್ತಿರುವುದು ಇನ್ನೊಂದು ಸಮಸ್ಯೆ.

ಸಫಾರಿ ನಡೆಯುವುದು ಕಾಡಿನ ಒಂದು ಭಾಗದಲ್ಲಿ ಮಾತ್ರ. 2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಕಾಡುಗಳ ಕೋರ್ ವಲಯದಲ್ಲಿ ಪ್ರವಾಸೋದ್ಯಮಕ್ಕೆ ಕೆಲಕಾಲ ತಡೆ ಹಾಕಿತ್ತು. ಆಮೇಲೆ ಬಂದ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ, ಕೋರ್‌ನ ಶೇ. 20ಕ್ಕಿಂತ ಹೆಚ್ಚು ಜಾಗದಲ್ಲಿ ಪ್ರವಾಸಿಗರು ಓಡಾಡುವಂತಿಲ್ಲ ಎಂದಿತು. ಹಾಗಾಗಿ ಜೀಪುಗಳ ಸದ್ದಿಗೆ ಹೆದರಿಯೇ ಹುಲಿಗಳು ಊರಿಗೆ ಓಡಿ ಬರುತ್ತಿವೆ ಎನ್ನುವುದು ತುಂಬ ಸರಳವಾದ ವಿವರಣೆ.

ಆದರೂ ರೈತರ ಸಿಟ್ಟು ಸುಳ್ಳಲ್ಲ. ಅವರು ದಿನಾ ನೋಡುವುದೇನು? ಬೆಳಿಗ್ಗೆ-ಸಂಜೆ ಸಫಾರಿಗೆ ವಾಹನ ರೆಡಿ, ಡ್ರೈವರ್ ರೆಡಿ. ಹೊಲದಲ್ಲಿ ಹುಲಿ ಹೆಜ್ಜೆ ಕಂಡು ಫೋನ್ ಮಾಡಿದರೆ ಸಿಬ್ಬಂದಿ ಇಲ್ಲ, ಬೋನು ಬೇರೆ ಕಡೆ ಇದೆ. ಸಫಾರಿ ನಿಲ್ಲಿಸಿ ಆ ಸಿಬ್ಬಂದಿಯನ್ನು ಕಾರ್ಯಾಚರಣೆಗೆ ಕಳಿಸಿ ಎಂಬ ಆದೇಶವೇ ಒಂದು ವಿಷಯವನ್ನು ಒಪ್ಪಿಕೊಂಡಿತು: ಜೀವ ಉಳಿಸುವ ಕೆಲಸಕ್ಕೆ ಬೇಕಾದ ಕೈಗಳು ಇನ್ನೊಂದು ಕೆಲಸದಲ್ಲಿದ್ದವು.

ಪರ್ಮಿಟ್ ಯಾರಿಗೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಓದಿ. ಅಭಯಾರಣ್ಯಕ್ಕೆ ಯಾವ ಯಾವ ಉದ್ದೇಶಕ್ಕೆ ಪರ್ಮಿಟ್ ಕೊಡಬಹುದು ಎಂಬ ಪಟ್ಟಿ ಅಲ್ಲಿದೆ. ಅಧ್ಯಯನ, ಫೋಟೋಗ್ರಫಿ, ವೈಜ್ಞಾನಿಕ ಸಂಶೋಧನೆ, ಜೊತೆಗೆ ಪ್ರವಾಸೋದ್ಯಮ. ಇದೇ ನಿಯಮ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯ. ನಾನು ಆ ಬಸ್ಸಿನಲ್ಲಿ ಕೂತಿದ್ದು ಇದೇ ಬಲದ ಮೇಲೆ.

ಈಗ ಅದೇ ಕಾಡಿನ ಇನ್ನೊಂದು ದೃಶ್ಯ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ವಾಪಸ್ ಬಂದವು. ಇದು ನಮ್ಮ ಹಿರಿಯರ ನೆಲ, ದಶಕಗಳ ಹಿಂದೆ ನಮ್ಮನ್ನು ಇಲ್ಲಿಂದ ಎಬ್ಬಿಸಿದರು, 2006ರ ಅರಣ್ಯ ಹಕ್ಕು ಕಾಯ್ದೆಯಡಿ ನಮಗೆ ಹಕ್ಕಿದೆ ಎನ್ನುವುದು ಅವರ ವಾದ. ಅವರಿಗೆ ಎದುರಾಗಿದ್ದು ಅರಣ್ಯ ಮತ್ತು ಪೊಲೀಸ್ ಸಿಬ್ಬಂದಿ. ಟಿಕೆಟ್ ತಗೊಂಡ ನಾನು ಅತಿಥಿ. ಪೂರ್ವಜರ ಸಮಾಧಿ ತೋರಿಸುವವರು ಅತಿಕ್ರಮಣಕಾರರು.

"ಹುಲಿಗೆ ಮನುಷ್ಯರಿಲ್ಲದ ಜಾಗ ಬೇಕಲ್ವಾ?" ಅಂತ ನೀವು ಕೇಳಬಹುದು. ಬೇಕು. ಆದರೆ ಅಂಥ ಜಾಗ ಮಾಡುವ ವಿಧಾನವನ್ನೂ ಅದೇ ವನ್ಯಜೀವಿ ಕಾಯ್ದೆ 2006ರ ತಿದ್ದುಪಡಿಯಲ್ಲಿ ಹೇಳಿದೆ: ಮೊದಲು ಹಕ್ಕುಗಳನ್ನು ಗುರುತಿಸಬೇಕು, ಗ್ರಾಮಸಭೆಯ ಒಪ್ಪಿಗೆ ಬೇಕು, ಸ್ಥಳಾಂತರ ಸ್ವಯಂಪ್ರೇರಿತವಾಗಿರಬೇಕು. ಕಾನೂನಿನ ಮೊದಲರ್ಧ ಜಾರಿ ಮಾಡಿ ಉಳಿದರ್ಧ ಮರೆತರೆ ಅದನ್ನು ಸಂರಕ್ಷಣೆ ಅನ್ನೋಕಾಗಲ್ಲ.

ಈ ಜಗಳ ಇಂದಿನದೂ ಅಲ್ಲ. 1990ರ ದಶಕದಲ್ಲಿ ಸರ್ಕಾರ ನಾಗರಹೊಳೆಯ ಒಳಗೇ ತಾಜ್ ಸಮೂಹಕ್ಕೆ ರೆಸಾರ್ಟ್ ನಡೆಸಲು ಲೀಸ್ ಕೊಟ್ಟಿತ್ತು. ಒಂದು ಕಡೆ ಆದಿವಾಸಿಗಳನ್ನು ಹೊರಗೆ ಕಳಿಸುವ ಯೋಜನೆ, ಇನ್ನೊಂದು ಕಡೆ ಒಳಗೆ ಹೋಟೆಲ್. ಬೀದಿಗಿಳಿದು, ಕೋರ್ಟಿಗೂ ಹೋಗಿ ಅದನ್ನು ನಿಲ್ಲಿಸಿದ್ದು ಇದೇ ಆದಿವಾಸಿಗಳು. 1997ರಲ್ಲಿ ಹೈಕೋರ್ಟ್ ಆ ಲೀಸ್ ಕಾನೂನುಬಾಹಿರ ಎಂದಿತು. ಕಾಡು ಉಳಿಸಿದವರ ಪಟ್ಟಿ ಮಾಡುವಾಗ ನಾವು ಇವರ ಹೆಸರು ಬರೆಯುವುದಿಲ್ಲ.

ಹುಲಿಯ ವಿಮೆ

ಅಂಚಿನ ಜನರ ಮನಸ್ಸು ಕೆಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿಗಳು ಒಟ್ಟಿಗೆ ಸತ್ತವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಅಲ್ಲಿ ಕಾಡು ಕಾಯುವ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಳಿಂದ ಸಂಬಳವೇ ಆಗಿರಲಿಲ್ಲ ಎಂಬ ಸುದ್ದಿಯೂ ಅದರ ಬೆನ್ನಲ್ಲೇ ಬಂತು. ಒಬ್ಬರ ಸಿಟ್ಟು, ಒಂದು ಬಾಟಲಿ ವಿಷ, ಐದು ಹುಲಿ. ಬೇಲಿ, ಕ್ಯಾಮೆರಾ, ಡ್ರೋನ್ ಎಲ್ಲಾ ಇರಲಿ. ಆದರೆ ಹಸು ಕಳೆದುಕೊಂಡವನು "ಪರಿಹಾರ ಬರುತ್ತೆ, ಇರಲಿ ಬಿಡು" ಅಂದುಕೊಳ್ಳುವಂತಿದ್ದರೆ ಅದೇ ಹುಲಿಯ ನಿಜವಾದ ವಿಮೆ. ಆ ವಿಮೆಯ ಕಂತು ಕಟ್ಟಬೇಕಾದವರು ನಾವು, ಹುಲಿಯನ್ನು ನೋಡಿ ಖುಷಿಪಡುವವರು.

ಸಫಾರಿ ನಿಷೇಧಿಸಿ ಅಂತ ನಾನು ಹೇಳುವುದಿಲ್ಲ. ಅದನ್ನೇ ನಂಬಿದ ಡ್ರೈವರ್‌ಗಳು, ಅಡುಗೆಯವರು, ಗೈಡ್‌ಗಳು ಇದ್ದಾರೆ, ಅವರಲ್ಲಿ ಹಲವರು ಇದೇ ಊರುಗಳವರು. ಕಾಡನ್ನು ಕಣ್ಣಾರೆ ನೋಡಿದ ಮಕ್ಕಳು ನಾಳೆ ಅದರ ಪರ ಮಾತಾಡಬಹುದು ಎಂಬ ನಂಬಿಕೆ ನನಗೂ ಇದೆ. ಆದರೆ ಸಾರ್ವಜನಿಕ ಕಾಡು ಅಂದಮೇಲೆ ಲೆಕ್ಕವೂ ಸಾರ್ವಜನಿಕವಾಗಿರಲಿ.

ಮೊದಲನೆಯದು, ಪ್ರತಿ ಗೇಟಿನ ಸಫಾರಿ ಆದಾಯ ಎಷ್ಟು, ಅದರಲ್ಲಿ ಅಂಚಿನ ಊರು ಮತ್ತು ಹಾಡಿಗಳಿಗೆ ಎಷ್ಟು ಹೋಯಿತು ಎಂಬುದನ್ನು ಗೇಟಿನ ಬೋರ್ಡಿನಲ್ಲೇ ಬರೆಯಲಿ. ಕಾಡಂಚಿನ ರೆಸಾರ್ಟ್‌ಗಳಿಂದ ಸಂರಕ್ಷಣಾ ಶುಲ್ಕ ವಸೂಲಿ ಮಾಡಿ ಸ್ಥಳೀಯರಿಗೆ ಬಳಸಬೇಕು ಎಂದು 2012ರ ಮಾರ್ಗಸೂಚಿಯೇ ಹೇಳಿದೆ. ಎರಡನೆಯದು, ಸಫಾರಿ ದುಡ್ಡಿನ ಮೊದಲ ಪಾಲು ದಿನದ 24 ಗಂಟೆಯೂ ಓಡಾಡುವ ತುರ್ತು ತಂಡಗಳಿಗೆ, ಜಾನುವಾರು ಪರಿಹಾರಕ್ಕೆ, ವಾಚರ್‌ಗಳ ಸಂಬಳಕ್ಕೆ ಹೋಗಲಿ. ಮೂರನೆಯದು, ಅರಣ್ಯ ಹಕ್ಕು ಅರ್ಜಿಗಳು ಇತ್ಯರ್ಥ ಆಗುವವರೆಗೆ ಆ ಭಾಗದಲ್ಲಿ ಹೊಸ ಸಫಾರಿ ದಾರಿ, ಹೊಸ ರೆಸಾರ್ಟ್ ಬೇಡ.

ನೀವು ಮುಂದಿನ ಸಲ ಹೋದಾಗ ಕೌಂಟರ್‌ನಲ್ಲಿ "ಹುಲಿ ಸಿಗುತ್ತಾ?" ಅಂತ ಕೇಳುವ ಮುಂಚೆ "ಈ ದುಡ್ಡು ಯಾರಿಗೆ ಹೋಗುತ್ತೆ?" ಅಂತ ಕೇಳಿ. ಅಲ್ಲಿ ಉತ್ತರ ಸಿಗದಿದ್ದರೆ ಮನೆಗೆ ಬಂದು ಒಂದು ಆರ್‌ಟಿಐ ಅರ್ಜಿ ಹಾಕಿ, ಹತ್ತು ರೂಪಾಯಿ ಸಾಕು. ಟೀ ಅಂಗಡಿಯಲ್ಲಿ ಸಿಕ್ಕಿದ ಆ ಹಿರಿಯರ ಹೊಲ ಕಾಡಿನ ಪಕ್ಕದಲ್ಲೇ ಇದೆ. ನಾವು ಫೋಟೋ ಹಾಕಿ ಮಲಗಿದ ಮೇಲೂ ಅವರು ರಾತ್ರಿ ಟಾರ್ಚ್ ಹಿಡಿದು ದನದ ಕೊಟ್ಟಿಗೆ ನೋಡಿಕೊಂಡು ಬರಬೇಕು.