ಮೂರು ಅಂಕಿ, ಎರಡು ಚುಕ್ಕಿ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ತಿಂಗಳಿಗೊಮ್ಮೆಯಾದರೂ ಬಂದೇ ಬರುತ್ತೆ: "ಅಪ್‌ಡೇಟ್ ಬಂದಿದೆ ಅಂತ ಫೋನ್ ಹೇಳ್ತಾ ಇದೆ. ಒತ್ತಲಾ, ಬೇಡ್ವಾ?" ಕೇಳೋರು ಬರೀ ಅಜ್ಜ-ಅಜ್ಜಿಯರಲ್ಲ, ಐಟಿಯಲ್ಲೇ ದುಡಿಯೋರೂ ಇದ್ದಾರೆ. "ಒತ್ತಿ" ಅಂತ ಒಂದೇ ಮಾತಲ್ಲಿ ಮುಗಿಸಬಹುದು. ಆದರೆ ಉತ್ತರದ ಅರ್ಧ ಭಾಗ ಆ ಸೂಚನೆಯ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. 4.2.1 ಅಂತಲೋ, 5.0 ಅಂತಲೋ. ಅದನ್ನು ಓದೋದು ಹೇಗೆ ಅನ್ನೋದೇ ಈ ವಾರದ ಮಾತು.

ಮೊದಲು ಒಂದು ಸಣ್ಣ ಪರೀಕ್ಷೆ. 3.9 ದೊಡ್ಡದೋ, 3.10 ದೊಡ್ಡದೋ? ಶಾಲೆಯ ಗಣಿತದಲ್ಲಿ 3.9 ದೊಡ್ಡದು. ಸಾಫ್ಟ್‌ವೇರಲ್ಲಿ 3.10 ದೊಡ್ಡದು. ಪೈಥಾನ್ 3.9 ಬಂದದ್ದು 2020ರಲ್ಲಿ, 3.10 ಬಂದದ್ದು 2021ರಲ್ಲಿ. ಯಾಕಂದ್ರೆ ಆ ಚುಕ್ಕಿ ದಶಮಾಂಶದ ಚುಕ್ಕಿಯೇ ಅಲ್ಲ. ಊರಲ್ಲಿ ಜಮೀನು ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ಪಹಣಿಯಲ್ಲಿ ಸರ್ವೆ ನಂಬರ್ 45/9 ಆದ ಮೇಲೆ 45/10 ಬರುತ್ತಲ್ಲ, ಅದೇ ಲೆಕ್ಕ. ಚುಕ್ಕಿಯ ಎರಡು ಪಕ್ಕ ಇರೋದು ಎರಡು ಬೇರೆ ಬೇರೆ ಎಣಿಕೆ. ಇದು ಎಕ್ಸೆಲ್‌ಗೆ ಗೊತ್ತಿಲ್ಲ. 3.10 ಅಂತ ಟೈಪ್ ಮಾಡಿದರೆ ಸೊನ್ನೆ ನುಂಗಿ 3.1 ಅಂತ ತೋರಿಸುತ್ತೆ. ಆಫೀಸಿನ ಪಟ್ಟಿಗಳಲ್ಲಿ ಆವೃತ್ತಿ ಸಂಖ್ಯೆ ಬರೆಯೋರು ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟುಕೊಳ್ಳಿ.

ಈಗ ಮೂರು ಅಂಕಿಗಳಿಗೆ ಬರೋಣ. ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದ 'ಸೆಮ್ಯಾಂಟಿಕ್ ವರ್ಷನಿಂಗ್' ಅನ್ನೋ ನಿಯಮಾವಳಿಯನ್ನು ಇವತ್ತು ಸಾಕಷ್ಟು ಜನ ಪಾಲಿಸ್ತಾರೆ. ಅದರ ಪ್ರಕಾರ ಮೊದಲ ಅಂಕಿ ಮೇಜರ್, ಎರಡನೆಯದು ಮೈನರ್, ಮೂರನೆಯದು ಪ್ಯಾಚ್.

ಮನೆಯ ಉದಾಹರಣೆಯಲ್ಲೇ ಹೇಳ್ತೀನಿ. ಸೋರುವ ನಲ್ಲಿಗೆ ಹೊಸ ವಾಷರ್ ಹಾಕಿಸಿದರೆ ಅದು ಪ್ಯಾಚ್: 4.2.1 ಹೋಗಿ 4.2.2. ಮನೆ ಅದೇ, ಸೋರೋದು ಮಾತ್ರ ನಿಂತಿತು. ಮಹಡಿ ಮೇಲೆ ಒಂದು ಕೋಣೆ ಕಟ್ಟಿಸಿದರೆ ಅದು ಮೈನರ್: 4.3.0. ಹೊಸದು ಸೇರಿತು, ಹಳೆಯದಕ್ಕೆ ತೊಂದರೆ ಇಲ್ಲ. ಮುಂಬಾಗಿಲಿನ ಬೀಗವನ್ನೇ ಬದಲಾಯಿಸಿದರೆ? ಅದು ಮೇಜರ್: 5.0.0. ಬೀಗ ಮೊದಲಿಗಿಂತ ಗಟ್ಟಿಯೇ ಇರಬಹುದು. ಆದರೆ ಮನೆಗೆಲಸದವರ ಹತ್ತಿರ, ಪಕ್ಕದ ಮನೆಯವರ ಹತ್ತಿರ ಇದ್ದ ಹಳೇ ಕೀಲಿಕೈ ಇನ್ನು ನಡೆಯಲ್ಲ. ಮೊದಲ ಅಂಕಿ ಬದಲಾಯ್ತು ಅಂದ್ರೆ "ನಿಮ್ಮ ಕೀಲಿಕೈ ಒಮ್ಮೆ ನೋಡ್ಕೊಳ್ಳಿ" ಅಂತ ಅರ್ಥ.

ಇನ್ನೆರಡು ನಿಯಮ ನೆನಪಿಡಿ. ಸಂಖ್ಯೆ ಸೊನ್ನೆಯಿಂದ ಶುರುವಾದರೆ, ಅಂದರೆ 0.7, 0.9 ಅಂತ ಇದ್ದರೆ, ಇನ್ನೂ ಕಟ್ಟಡ ಏಳ್ತಾ ಇದೆ, ಯಾವಾಗ ಬೇಕಾದರೂ ಏನು ಬೇಕಾದರೂ ಬದಲಾಗಬಹುದು ಅಂತ. ಮತ್ತೆ, ಒಂದು ಸಂಖ್ಯೆ ಕೊಟ್ಟು ಹೊರಗೆ ಬಿಟ್ಟ ಮೇಲೆ ಅದರ ಒಳಗೆ ಒಂದಕ್ಷರವನ್ನೂ ತಿದ್ದೋ ಹಾಗಿಲ್ಲ. ತಿದ್ದಬೇಕು ಅಂದ್ರೆ ಹೊಸ ಸಂಖ್ಯೆ ಕೊಡಬೇಕು.

ಎಲ್ಲರೂ ಈ ನಿಯಮ ಪಾಲಿಸ್ತಾರಾ? ಇಲ್ಲ. ಉಬುಂಟು ತನ್ನ ಸಂಖ್ಯೆಯಲ್ಲಿ ವರ್ಷ, ತಿಂಗಳು ಬರೆಯುತ್ತೆ. 24.04 ಅಂದ್ರೆ 2024ರ ಏಪ್ರಿಲ್. ಐಫೋನಿನ ಐಒಎಸ್ 2025ರಲ್ಲಿ 18ರಿಂದ ಒಂದೇ ನೆಗೆತಕ್ಕೆ 26ಕ್ಕೆ ಹೋಯಿತು, ಅದೂ ವರ್ಷದ ಲೆಕ್ಕಕ್ಕೆ. ಲಿನಕ್ಸ್ ಕರ್ನೆಲ್ 2011ರಲ್ಲಿ 2.6.39ರಿಂದ 3.0 ಆದಾಗ, ದೊಡ್ಡ ಬದಲಾವಣೆ ಏನೂ ಇಲ್ಲ ಅಂತ ಲಿನಸ್ ಟೊರ್ವಾಲ್ಡ್ಸ್ ಅವರೇ ಸ್ಪಷ್ಟಪಡಿಸಿದ್ದರು. 'ವಿಂಡೋಸ್ 7' ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೂ ಒಳಗಿನ ಸಂಖ್ಯೆ 6.1. ಇನ್ನು ಡೊನಾಲ್ಡ್ ಕ್ನೂತ್ ಅವರ ಟೆಕ್ ಅನ್ನೋ ಅಕ್ಷರ ಜೋಡಣೆಯ ಸಾಫ್ಟ್‌ವೇರ್ ನೋಡಿ. ಪ್ರತಿ ತಿದ್ದುಪಡಿಗೂ ಪೈ ಸಂಖ್ಯೆಯ ಇನ್ನೊಂದು ಅಂಕಿ ಸೇರುತ್ತೆ. 2021ರಲ್ಲಿ ಅದು 3.141592653 ಆಯ್ತು. ಇನ್ನು ತಿದ್ದೋದು ಹೆಚ್ಚೇನೂ ಉಳಿದಿಲ್ಲ ಅನ್ನೋದನ್ನ ಹೇಳೋಕೆ ಇದಕ್ಕಿಂತ ಚೆಂದದ ದಾರಿ ನಾನು ನೋಡಿಲ್ಲ.

ಹಾಗಾಗಿ ಸಂಖ್ಯೆ ನೋಡಿದಾಗ ಮೊದಲು ಕೇಳಬೇಕಾದ್ದು, "ಇವರ ಎಣಿಕೆ ಯಾವುದು? ಬದಲಾವಣೆಯದೋ, ಕ್ಯಾಲೆಂಡರಿನದೋ, ಜಾಹೀರಾತಿನದೋ?"

ಸಂಖ್ಯೆಯ ಜೊತೆಗೆ ಕೆಲವೊಮ್ಮೆ ಒಂದು ಹೆಸರೂ ಇರುತ್ತೆ. ಆಲ್ಫಾ, ಬೀಟಾ, ಆರ್‌ಸಿ, ಸ್ಟೇಬಲ್ ಅಂತ. ಹವ್ಯಾಸಿ ನಾಟಕ ತಂಡದಲ್ಲಿ ಓಡಾಡಿದವರಿಗೆ ಇದು ಸಲೀಸು. ಆಲ್ಫಾ ಅಂದ್ರೆ ಕೈಯಲ್ಲಿ ಸ್ಕ್ರಿಪ್ಟ್ ಹಿಡಿದು ಮಾಡೋ ತಾಲೀಮು. ದೃಶ್ಯಕ್ಕೆ ದೃಶ್ಯವೇ ಕಿತ್ತು ಹೋಗಬಹುದು. ಬೀಟಾ ಅಂದ್ರೆ ಪರಿಚಯದ ನಾಲ್ಕು ಜನರನ್ನು ಕೂರಿಸಿ "ಹೇಗಿದೆ ಹೇಳಿ" ಅನ್ನೋದು. ಆರ್‌ಸಿ, ಅಂದ್ರೆ ರಿಲೀಸ್ ಕ್ಯಾಂಡಿಡೇಟ್, ಬಣ್ಣ ಹಚ್ಚಿ ಲೈಟ್ ಹಾಕಿ ಮಾಡೋ ಗ್ರ್ಯಾಂಡ್ ರಿಹರ್ಸಲ್. ಏನೂ ಎಡವಟ್ಟು ಕಾಣದಿದ್ದರೆ ನಾಳೆಯ ಪ್ರದರ್ಶನ ಇದೇ. ಸ್ಟೇಬಲ್ ಅಂದ್ರೆ ಟಿಕೆಟ್ ಕೊಟ್ಟ ಪ್ರದರ್ಶನ. ಈ ಹೆಸರುಗಳನ್ನೂ ಕೆಲವರು ಎಳೆದಾಡ್ತಾರೆ. ಜಿಮೇಲ್ 2004ರಲ್ಲಿ ಬಂದು 2009ರವರೆಗೂ ತನ್ನನ್ನು ಬೀಟಾ ಅಂತಲೇ ಕರೆದುಕೊಂಡಿತ್ತು.

ನಿಮ್ಮ ಸ್ವಂತ ಫೋನಲ್ಲಿ ಕುತೂಹಲಕ್ಕೆ ಬೀಟಾ ಹಾಕಿಕೊಳ್ಳಿ, ತಪ್ಪಿಲ್ಲ. ಸಂಬಳ ಬರೋ ಖಾತೆಯ ಆ್ಯಪ್ ಇರೋ ಒಂದೇ ಫೋನಿಗೆ ಮಾತ್ರ ಬೇಡ.

ಇನ್ನೆರಡು ಹೆಸರು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಒಂದು ಎಲ್‌ಟಿಎಸ್, ದೀರ್ಘಕಾಲದ ಬೆಂಬಲ ಇರುವ ಆವೃತ್ತಿ. ಉಬುಂಟುವಿನಲ್ಲಿ ಎರಡು ವರ್ಷಕ್ಕೊಮ್ಮೆ ಇಂಥದ್ದು ಬರುತ್ತೆ, ಐದು ವರ್ಷ ಭದ್ರತಾ ತಿದ್ದುಪಡಿ ಸಿಗುತ್ತೆ. ಹೊಸ ಸೊಗಸು ಕಡಿಮೆ, ನೆಮ್ಮದಿ ಜಾಸ್ತಿ. ಇನ್ನೊಂದು ಇಒಎಲ್, ಅಂದ್ರೆ ಆ ಆವೃತ್ತಿಯ ಆಯಸ್ಸು ಮುಗಿದ ದಿನ. ಪೈಥಾನ್ 2ಕ್ಕೆ ಅದು 2020ರ ಜನವರಿ 1. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಹೆಚ್ಚುವರಿ ಭದ್ರತಾ ಯೋಜನೆಗೆ ಸೇರಿಕೊಂಡವರಿಗೆ ಮಾತ್ರ ಇನ್ನಷ್ಟು ಕಾಲ. ಆ ದಿನ ಕಳೆದ ಮರುದಿನವೂ ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತೆ. ಏನೂ ಕೆಟ್ಟಿರಲ್ಲ. ಅಪಾಯ ಇರೋದೇ ಅಲ್ಲಿ. ಹೊಸ ತೂತು ಸಿಕ್ಕರೆ ಮುಚ್ಚೋರು ಯಾರೂ ಇರಲ್ಲ, ಮತ್ತು ಅದು ನಮ್ಮ ಕಣ್ಣಿಗೆ ಕಾಣಲ್ಲ.

ತೀರ್ಥಹಳ್ಳಿ ಕಡೆ ಇರೋ ನಮ್ಮ ದೊಡ್ಡಮ್ಮನ ಫೋನ್ ಇಂಥದ್ದೇ. ಸೆಟ್ಟಿಂಗ್ಸ್ ತೆಗೆದು ನೋಡಿದರೆ ಕೊನೆಯ ಭದ್ರತಾ ಅಪ್‌ಡೇಟ್ ಬಂದು ಮೂರು ವರ್ಷದ ಮೇಲಾಗಿದೆ. ಅದರಲ್ಲೇ ದೊಡ್ಡಪ್ಪನ ಪೆನ್ಷನ್ ಖಾತೆ, ಅದರಲ್ಲೇ ಯುಪಿಐ. "ಇದಕ್ಕೇನಾಗಿದೆ ಮಗಾ, ಚೆನ್ನಾಗೇ ಇದೆಯಲ್ಲ" ಅಂದರು. ಹೌದು, ಗಾಜು ಒಡೆದಿಲ್ಲ, ಬ್ಯಾಟರಿ ನಿಲ್ಲುತ್ತೆ. "ದೊಡ್ಡಮ್ಮ, ಬಾಗಿಲು ಗಟ್ಟಿಯಾಗೇ ಇದೆ, ಆದರೆ ಚಿಲಕ ರಿಪೇರಿ ಮಾಡೋನು ಊರು ಬಿಟ್ಟು ಹೋಗಿದ್ದಾನೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ದುಡ್ಡು ಅದರೊಳಗೆ ಇಡೋದು ಬೇಡ" ಅಂದರು. ಅಷ್ಟೇ ಸಾಕಾಯ್ತು. ಬ್ಯಾಂಕಿನ ಆ್ಯಪ್ ಅಣ್ಣ ತಂದುಕೊಟ್ಟ ಹೊಸ ಫೋನಿಗೆ ಹೋಯಿತು. ಹಳೆಯದರಲ್ಲಿ ಈಗ ಭಜನೆ, ತಾಳಮದ್ದಳೆ.

ತಡ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ದೊಡ್ಡ ಸಾಕ್ಷಿ 2017ರದ್ದು. ವಿಂಡೋಸ್‌ನ ಒಂದು ತೂತನ್ನು ಮುಚ್ಚೋ ಪ್ಯಾಚ್ ಅನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಅದೇ ತೂತಿನಲ್ಲಿ ನುಗ್ಗಿದ ವನ್ನಾಕ್ರೈ ದಾಳಿ ಶುರುವಾದದ್ದು ಮೇ 12ಕ್ಕೆ. ನಡುವೆ ಸುಮಾರು ಎರಡು ತಿಂಗಳು ಇತ್ತು. ಆ ಪ್ಯಾಚ್ ಹಾಕಿಕೊಳ್ಳದ ಕಂಪ್ಯೂಟರ್‌ಗಳಿದ್ದ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾಯಿತು, ಕೆಲವರ ಶಸ್ತ್ರಚಿಕಿತ್ಸೆಯೂ ನಿಂತಿತು.

"ಹಾಗಾದ್ರೆ ಬಂದದ್ದನ್ನೆಲ್ಲ ಆ ಕ್ಷಣವೇ ಹಾಕ್ಕೋಬೇಕಾ?" ಅಂತೀರಾ? ಅದಕ್ಕೆ ಉತ್ತರ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಇದರಲ್ಲಿ ಗಮನಿಸಬೇಕಾದ ವಿಷಯ ಬೇರೆಯೇ ಇದೆ. ಹಲವು ಸಂಸ್ಥೆಗಳು ಜಾಗ್ರತೆಯಿಂದ, ಬೇಕಂತಲೇ ಒಂದು ಆವೃತ್ತಿ ಹಿಂದೆ ಉಳಿದಿದ್ದವು. ಆದರೂ ಅವರ ಕಂಪ್ಯೂಟರ್‌ಗಳೂ ಬಿದ್ದವು. ಯಾಕಂದ್ರೆ ಅಂದು ಬಂದದ್ದು ಸಾಫ್ಟ್‌ವೇರಿನ ಹೊಸ ಆವೃತ್ತಿ ಅಲ್ಲ, ಅದು ಓದಿಕೊಳ್ಳೋ ಒಂದು ಮಾಹಿತಿ ಫೈಲು. ಅದಕ್ಕೆ ಆವೃತ್ತಿಯ ಕಾವಲು ಇರಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಇದನ್ನು ಓದ್ತಾ ಇರೋರಲ್ಲಿ ಆ ಸಂಖ್ಯೆಯನ್ನು ಟೈಪ್ ಮಾಡೋರೂ ಇದ್ದೀರಿ ಅಂತ ಗೊತ್ತು. ನಿಮಗೆ ಒಂದು ಮಾತು. "ಮೇಜರ್ ಅಂದ್ರೆ ಕ್ಲೈಂಟ್ ಗಾಬರಿ ಆಗ್ತಾರೆ, 2.4 ಅಂತ ಹಾಕಿಬಿಡಿ" ಅಂತ ಮೀಟಿಂಗಲ್ಲಿ ಯಾರಾದರೂ ಹೇಳಿಯೇ ಹೇಳ್ತಾರೆ. ಬೀಗ ಬದಲಾಗಿದ್ದರೆ 3.0 ಅಂತಲೇ ಹಾಕಿ. ನಿಮ್ಮ ಮಾತು ನಂಬಿ, ಮೈನರ್ ಬದಲಾವಣೆಗಳನ್ನು ತಾನಾಗೇ ತೆಗೆದುಕೊಳ್ಳೋ ಹಾಗೆ ಎಷ್ಟೋ ಜನ ತಮ್ಮ ಸಿಸ್ಟಮ್ ಹೊಂದಿಸಿರ್ತಾರೆ. ಮೀಟಿಂಗಲ್ಲಿ ತಪ್ಪಿಸಿದ ಗಾಬರಿ ನಡುರಾತ್ರಿ ಎರಡಕ್ಕೆ ಆನ್‌ಕಾಲ್‌ನಲ್ಲಿ ಇರೋ ಯಾವುದೋ ಹುಡುಗಿಯ ಫೋನಿಗೆ ಬರುತ್ತೆ. ಆವೃತ್ತಿ ಸಂಖ್ಯೆ ಅನ್ನೋದು ಕಾಣದವರಿಗೆ ಕೊಟ್ಟ ಮಾತು.

ಬಳಸೋರಿಗೆ ನಾನು ಪಾಲಿಸೋ ಕ್ರಮ ಹೇಳ್ತೀನಿ. ಕೊನೆಯ ಅಂಕಿ ಮಾತ್ರ ಬದಲಾಗಿದ್ದರೆ, ಅಥವಾ ಭದ್ರತಾ ಅಪ್‌ಡೇಟ್ ಅಂತ ಬರೆದಿದ್ದರೆ, ಅದೇ ರಾತ್ರಿ ಚಾರ್ಜಿಗೆ ಹಾಕಿ ಒತ್ತಿಬಿಡಿ. ನಡುವಿನ ಅಂಕಿ ಬದಲಾಗಿದ್ದರೆ ಈ ವಾರ ಯಾವಾಗಲಾದರೂ ಸರಿ. ಮೊದಲ ಅಂಕಿ ಬದಲಾಗಿದ್ದರೆ ಬ್ಯಾಕಪ್ ತಗೊಳ್ಳಿ, ಹೊಸತೇನು ಅನ್ನೋ ಟಿಪ್ಪಣಿ ಓದಿ, ತೀರಾ ಅಗತ್ಯ ಇಲ್ಲದಿದ್ದರೆ .0 ಹೋಗಿ .1 ಬರೋವರೆಗೆ ಕಾಯಿರಿ. ನಡುವೆ ಬರೋ ಭದ್ರತಾ ತಿದ್ದುಪಡಿ ಮಾತ್ರ ಬಿಡಬೇಡಿ. ಪ್ರಯಾಣದ ಹಿಂದಿನ ದಿನ, ಪ್ರೆಸೆಂಟೇಷನ್ ಇರೋ ಬೆಳಗ್ಗೆ ದೊಡ್ಡ ಅಪ್‌ಡೇಟ್ ಬೇಡವೇ ಬೇಡ.

ಮತ್ತೆ ಈ ಭಾನುವಾರ ಒಂದು ಕೆಲಸ. ಮನೆಯಲ್ಲಿರೋ ಫೋನುಗಳನ್ನೆಲ್ಲ ಒಂದೊಂದಾಗಿ ತಗೊಂಡು ಸೆಟ್ಟಿಂಗ್ಸ್‌ಗೆ ಹೋಗಿ. ಆಂಡ್ರಾಯ್ಡ್ ಆದರೆ 'ಅಬೌಟ್ ಫೋನ್' ಒಳಗೆ ಆಂಡ್ರಾಯ್ಡ್ ಆವೃತ್ತಿಯ ಜೊತೆಗೆ ಭದ್ರತಾ ಅಪ್‌ಡೇಟಿನ ದಿನಾಂಕವೂ ಇರುತ್ತೆ. 14ರ ಬದಲು 15 ಇದೆಯಾ ಅನ್ನೋದಕ್ಕಿಂತ ಆ ದಿನಾಂಕ ಮುಖ್ಯ. ಅದು ವರ್ಷಕ್ಕಿಂತ ಹಳೆಯದಾಗಿದ್ದು, ಹೊಸ ಅಪ್‌ಡೇಟ್ ಹುಡುಕಿದರೂ ಸಿಗದಿದ್ದರೆ, ಆ ಫೋನಿನಲ್ಲಿ ದುಡ್ಡಿನ ವ್ಯವಹಾರ ಯಾರದ್ದು ಇದೆ ಅಂತ ಕೇಳಿ. ಉತ್ತರ ಬಹುಶಃ ಅಪ್ಪನದೋ ಅಮ್ಮನದೋ ಇರುತ್ತೆ.